ಹನ್ನೆರಡು ತುಂಬಿದವರ ಓಟ

ಕ್ರೀಡಾ ಹಾಸ್ಟೆಲಿನ ಆಯ್ಕೆಗಾಗಿ ನಡೆಯುವ ಮೂರು ಕಿಲೋಮೀಟರ್ ಓಟಕ್ಕೆ ನಿವೃತ್ತ ಹೆಡ್‌ಮಾಸ್ತರ ವಿರೂಪಾಕ್ಷಯ್ಯನವರು ಹೆಸರು ಬರೆದುಕೊಳ್ಳುತ್ತಿದ್ದರು. ಸೋಮನಿಂಗ ತನ್ನ ಮಗಳನ್ನು ತಂದು ನಿಲ್ಲಿಸಿದಾಗ ಅವರು ಅವಳ ಬಾಯಿ ತೆರೆಸಿ ನೋಡಿದರು. ಹಾಲುಹಲ್ಲು ಇನ್ನೂ ಅಲ್ಲಾಡುತ್ತಿತ್ತು. ಅವರ ಮೈಯೆಲ್ಲ ಉರಿಯಿತು.

“ಇಕಿಗೆ ಹನ್ನೆರಡಂತ ಯಾರ ಮುಂದ ಹೇಳ್ತಿಯೋ? ಹತ್ತು ದಾಟಿಲ್ಲ. ಎಳೇ ಎಲುಬು. ದೊಡ್ಡ ಹುಡುಗ್ಯಾರ ಜೋಡಿ ಓಡಿಸಿ ಕೊಲ್ಲಾಂವೇನು?”

“ಕಾಗದದಾಗ ಹನ್ನೆರಡ ಐತ್ರಿ ಸರ,” ಎಂದು ಸೋಮನಿಂಗ ಶಾಲೆಯ ದಾಖಲೆಯನ್ನು ಮುಂದೆ ಹಿಡಿದ. ಅವರು ಅದನ್ನು ಓದದೆ ಹಿಂದಕ್ಕೆ ತಳ್ಳಿದರು.

“ಎರಡು ವರ್ಷ ಬಿಟ್ಟು ಕರಕೊಂಡು ಬಾ.”

“ಆಗ ಕಾಗದದಾಗ ಹದಿನಾಲ್ಕು ಆಗತೈತಿ. ಹಾಸ್ಟೆಲಿನವರು ಹನ್ನೆರಡರವರನ್ನಷ್ಟ ತಗೋತಾರ. ಇವತ್ತು ಓಡಲಿಲ್ಲಂದ್ರ ಇಕಿಗೆ ಮುಂದ ದಾರಿ ಇಲ್ಲ. ನೀವು ಓದಸ್ತೀರೇನು?”

“ಬಾಯಿ ಮುಚ್ಚು. ಸುಳ್ಳು ವಯಸ್ಸು ಬರಿಸಿದ ನಿನಗ ನಾಚಿಕಿ ಇಲ್ಲ. ಬರದ ಆ ಪಾಪಿನ್ನ ಶಿವ ಸುಮ್ಮನ ಬಿಡೂದಿಲ್ಲ. ಯಾವನಾಂವ?”

ಸೋಮನಿಂಗ ಕಾಗದವನ್ನು ಮತ್ತೆ ಮೇಜಿನ ಮೇಲೆ ಹರಡಿದ.

“ಆಗ ಇಕಿಗೆ ಬರೇ ನಾಲ್ಕು ತುಂಬಿತ್ತು. ಒಂದನೇ ಕ್ಲಾಸಿಗೆ ಮಕ್ಕಳು ಸಾಲವಲ್ವು, ಸಾಲಿ ಮುಚ್ಚತೈತಿ ಅಂತ ಮನಿಗೆ ಬಂದು, ಆಡಾಕತ್ತಾಕಿನ್ನ ಎತಗೊಂಡು ಹೋಗಿ ಆರು ಅಂತ ಬರಕೊಂಡ್ರು,” ಎಂದು ಹೇಳಿ ಕೆಳಗಿನ ಸಹಿಯ ಮೇಲೆ ಬೆರಳಿಟ್ಟ.

ಸಹಿ ವಿರೂಪಾಕ್ಷಯ್ಯನವರದೇ ಆಗಿತ್ತು.