ಕಳ್ಳರ ಬಿಡುವು

ಟೀ ಕೊಡುವ ಹುಡುಗಿ ಸದ್ದಿಲ್ಲದೆ ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದಳು. ಕಚೇರಿಯ ಗುಟ್ಟು ಕದಿಯುತ್ತಿದ್ದ ಹ್ಯಾಕರ್‌ಗಳು ದಿನಾ ಒಂದೂವರೆ ಗಂಟೆ ಕೈಕಟ್ಟಿ ಕೂರುತ್ತಿದ್ದರು. ಆ ಹೊತ್ತು ಬೋರ್ಡಿನ ಮೇಲಿತ್ತು: ಸೋಮವಾರ ಏಳೂವರೆಯಿಂದ, ಮಂಗಳವಾರ ಮೂರರಿಂದ, ಶುಕ್ರವಾರ ಹತ್ತೂವರೆಯಿಂದ.

“ಇದು ಯಾವ ದೇಶದವರ ಊಟದ ಹೊತ್ತು ಸಾರ್? ವರದಿಯಲ್ಲಿ ತಪ್ಪು ದೇಶದ ಹೆಸರು ಬರೆದ್ರೆ ನನ್ನ ಕೆಲಸ ಹೋಗುತ್ತೆ,” ಎಂದರು ತನಿಖೆಯ ಮೇಡಂ.

“ಶತ್ರು ದೇಶದ ಸರ್ಕಾರದ್ದೇ ಕೈವಾಡ ಅಂತ ಬರೀರಿ. ಇವತ್ತೇ ದೆಹಲಿಗೆ ಹೋಗ್ಲಿ,” ಎಂದರು ಸಾಹೇಬರು.

“ಹಾಗಾದ್ರೆ ಸಹಿ ಹಾಕಿ ಸಾರ್.”

“ಇವತ್ತು ಶುಕ್ರವಾರ ಅಲ್ವೇನ್ರೀ? ಹನ್ನೆರಡು ಕಳೀಲಿ.”

ಎಂದೂ ಬಾಯಿ ಬಿಡದ ಹುಡುಗಿಗೆ ತಡೆಯಲಾಗಲಿಲ್ಲ.

“ಮೇಡಂ, ಬೋರ್ಡಲ್ಲಿರೋದು ರಾಹುಕಾಲ ಅಲ್ವಾ?”

ಎಲ್ಲರೂ ಸಾಹೇಬರತ್ತ ತಿರುಗಿದರು. ಅವರ ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

“ಒಂದು ಲೋಟ ನೀರು ಕೊಡಮ್ಮ,” ಎಂದರು ಸಾಹೇಬರು.