ಮೂಕಾಂಬುವಿನ ಪಾಳಿ

ಕಡಲೊಳಗಿನ ಹವಳದ ಬಂಡೆಗಳು ಸತ್ತ ಮೇಲೆ, ಮೀನುಗಳಿಗೆ ಮೊಟ್ಟೆಯಿಡಲೆಂದು ಗಂಗೊಳ್ಳಿಯ ಹೆಂಗಸರೇ ಪಾಳಿಯ ಮೇಲೆ ಮೊಣಕಾಲುದ್ದ ನೀರಿನಲ್ಲಿ ಬಂಡೆಯಾಗಿ ನಿಲ್ಲುತ್ತಿದ್ದರು. ಸಂಜೆ ಪಾಳಿಗೆ ಬಾಬಿ ಬರುವಷ್ಟರಲ್ಲಿ ಮೂಕಾಂಬುವಿನ ಸೊಂಟ ಬಿದ್ದುಹೋಗಿತ್ತು. ಮನೆಗೆಂದು ಕಾಲೆತ್ತಿದರೆ, ಹಿಮ್ಮಡಿಯ ಸುತ್ತ ಸಾಸಿವೆಯಂಥ ಮೊಟ್ಟೆಗಳು. ಮರಿಯಾಗುವ ತನಕ ಕದಲುವಂತಿಲ್ಲ ಎಂದು ಸಂಶೋಧನಾ ಕೇಂದ್ರದವರ ಕಟ್ಟಪ್ಪಣೆ.

"ಒರ್ಸ್ಕಂಡ್ ಹೋಗ್ ಮರಾಯ್ತಿ, ನಾ ಯಾರಿಗೂ ಹೇಳುದಿಲ್ಲೆ," ಎಂದಳು ಬಾಬಿ.

ಮೂಕಾಂಬು ಬಗ್ಗಿದಳು. ಬೆರಳು ಮೊಟ್ಟೆಯವರೆಗೂ ಹೋಯಿತು. ಮನೆಯಲ್ಲಿ ಮೀನಿನ ಸಾರು ಕುದಿಯದೆ ವರ್ಷವಾಗಿತ್ತು. ಕಾಲನ್ನು ಮೆಲ್ಲಗೆ ನೀರಿಗೇ ಇಳಿಸಿದಳು.

"ನೀ ಬೆನ್ನಿಗ್ ಬೆನ್ ಕೊಟ್ಟ್ ನಿಲ್ ಬಾಬಿ. ನಾ ಒಂಚೂರ್ ಕಣ್ ಮುಚ್ತೆ."

ಬಾಬಿ ಗೊಣಗುತ್ತಲೇ ಬೆನ್ನು ಕೊಟ್ಟಳು. ಬಂಡೆ ದೊಡ್ಡದಾಯಿತೆಂದುಕೊಂಡು ಮೀನಿನ ಇನ್ನೊಂದು ಹಿಂಡು ಬಾಬಿಯ ಕಾಲಿನತ್ತ ಬರತೊಡಗಿತು.