ಒತ್ತದೆ ಎದ್ದ ಪಟ್ಟಿ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಪೆಸಿಫಿಕ್ ಸಾಗರದ ಕಿರಿಬಾಸ್ ದೇಶದ ಒಂದು ದ್ವೀಪದ ಆಸ್ಪತ್ರೆಗೆ ಕರೆಂಟು ಮರಳಿತು. ಹೆರಿಗೆ ಕೋಣೆಯಲ್ಲಿ ಮರೇತಾಳ ರಕ್ತಸ್ರಾವ ಇನ್ನೂ ನಿಂತಿರಲಿಲ್ಲ. ಅವಳದು ಬಿ ಗುಂಪು. ಅಲ್ಲಿ ರಕ್ತದ ದಾಸ್ತಾನು ಇರುವುದಿಲ್ಲ. ಕೊಡುವವರನ್ನೇ ಊರಿನಿಂದ ಕರೆತರಬೇಕು. ಯಾರದು ಯಾವ ಗುಂಪು ಎಂಬುದೆಲ್ಲ ಕಂಪ್ಯೂಟರಿನ ಡೇಟಾಬೇಸಿನಲ್ಲಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದನ್ನು ಕೈಯಾರೆ ಚಾಲೂ ಮಾಡಲು ಬರುತ್ತಿದ್ದುದು ಆಸ್ಪತ್ರೆಯ ದಾಖಲೆ ಗುಮಾಸ್ತೆಯಾದ ಇದೇ ಮರೇತಾಳೊಬ್ಬಳಿಗೇ.

ನರ್ಸ್ ಬ್ವೆರೆಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪರದೆಯ ಮುಂದೆ ನಿಂತಿದ್ದಳು. ಹೆರಿಗೆ ರಜೆಗೆ ಹೋಗುವ ಮುನ್ನ ಮರೇತಾ ಅಂಟಿಸಿದ್ದ ಚೀಟಿ ಅಲ್ಲಿತ್ತು: 'ಇನ್ನು ಮೇಲೆ ಕಂಪ್ಯೂಟರಿನ ಜೊತೆ ಡೇಟಾಬೇಸೂ ತಾನೇ ಏಳುವಂತೆ ಮಾಡಿದ್ದೇನೆ. ಏನನ್ನೂ ಒತ್ತಬೇಡಿ.'

"ಏನಾದ್ರೂ ಒತ್ತಕ್ಕಾ!" ಆಂಬುಲೆನ್ಸ್ ಚಾಲಕ ತೋಮಾ ಬಾಗಿಲಲ್ಲಿ ಚಡಪಡಿಸಿದ. "ಅದೇನು ಹುಂಜಾನಾ, ತಾನಾಗೇ ಎದ್ದು ಕೂಗೋಕೆ?"

"ಒತ್ಬೇಡ ಅಂದಿದಾಳೆ, ಒತ್ತಲ್ಲ. ನೀನು ಬಾಯಿ ಮುಚ್ಕೊಂಡು ಗಾಡಿ ಕೀಲಿ ಹುಡುಕು."

ಕಪ್ಪು ಪರದೆ ನೀಲಿಯಾಯಿತು. ಖಾಲಿ ಕುರ್ಚಿಯ ಎದುರು, ಯಾರ ಬೆರಳೂ ತಾಕದೆ, 'ರಕ್ತದ ಗುಂಪು?' ಎಂದು ಕೇಳುವ ಖಾನೆ ತೆರೆದುಕೊಂಡಿತು. ಬ್ವೆರೆಯಾಳ ತೋಳಿನ ಮೇಲೆ ರೋಮ ನಿಮಿರಿ ನಿಂತವು. ತೋಮಾ ಟೋಪಿ ತೆಗೆದು ಎದೆಗೊತ್ತಿಕೊಂಡ.

"ಒಳಗೆ ಮಲಗಿರೋಳೇ ಎದ್ದು ಬಂದು ಕೂತಂಗಿದೆಯಲ್ಲಕ್ಕಾ," ಎಂದ ಮೆಲ್ಲಗೆ.

ಆಗ ಬ್ವೆರೆಯಾ ಕೈ ಮುಂದೆ ತಂದು ಒಂದೇ ಅಕ್ಷರ ಒತ್ತಿದಳು. ಐದು ಹೆಸರುಗಳು ಬಂದವು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಪಟ್ಟಿಯಲ್ಲಿ ಮೊದಲಿದ್ದ ತೆಬಾನೋ ಬೇಕರಿಯಿಂದ ತೋಮಾನ ಗಾಡಿಯಲ್ಲಿ ಬಂದು, ಹಿಟ್ಟು ಮೆತ್ತಿದ ತೋಳು ತೊಳೆದು ಚಾಚಿದ. ಎರಡು ಗಂಟೆಗೆ, ರಕ್ತಸ್ರಾವ ನಿಂತ ಮೇಲೆ, ಮರೇತಾ ತನ್ನ ಮಗುವನ್ನು ತಂದುಕೊಡಿ ಎಂದು ಕೇಳಿದಳು.